ಆಯೋಗವುಂಟು, ಯೋಗವಿಲ್ಲ

‘ಏನೋ ಸಿದ್ದ, ಕಾಲೇಜು ಹುಡುಗ್ರೆಲ್ಲ ಗುಂಪಾಗಿ ಬರ್ತಿದಾರೆ, ಸ್ಟ್ರೈಕಾ?’ ಚಾ ಸೋಸುತ್ತ ಕೇಳಿದಳು ಗೌರಕ್ಕ.

‘ಅಲ್ಲ ಗೌರಕ್ಕ, ಕಾರ್ಯಾಗಾರ!’ ಎಂದ ವಾರ್ಡ್‌ಬಾಯ್ ಸಿದ್ದ. ಆಸ್ಪತ್ರೆಯ ಸುದ್ದಿಗೆ ಡೀನ್‌ಗಿಂತ ಅವನೇ ಅಧಿಕೃತ. ‘ಡಾಕ್ಟ್ರು, ನರ್ಸು, ಫಾರ್ಮಸಿ, ಫಿಸಿಯೋ ಮಕ್ಳೆಲ್ಲ ಒಟ್ಟಿಗೆ ಕೂತು ಒಬ್ಬರಿಂದೊಬ್ರು ಕಲೀಬೇಕಂತೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಹೇಳಿತ್ತಂತೆ.’

‘ಒಳ್ಳೇದೇ. ಒಟ್ಟಿಗೇ ಕೂತ್ರಾ?’

‘ಓಹೋ! ಮೆಡಿಕಲ್‌ನೋರು ಮುಂದಿನ ಸಾಲು, ಫಿಸಿಯೋದೋರು ಹಿಂದಿನ ಸಾಲು, ನರ್ಸಿಂಗ್‌ನೋರು ಹೂಗುಚ್ಛ ಹಿಡ್ಕೊಂಡು ಬಾಗಿಲಲ್ಲಿ.’

‘ಫಾರ್ಮಸಿಯೋರು?’

‘ಡಾಕ್ಟ್ರು ಬೋರ್ಡ್ ಮೇಲೆ ಬರೆದದ್ದನ್ನ ಓದಿ ಹೇಳೋಕೆ ಬೇಕಲ್ಲ!’

‘ಏನು ಕಲಿಸಿದ್ರಪ್ಪ?’

‘ಟೀಮ್‌ವರ್ಕು. ಎರಡು ಗಂಟೆ ಡೀನ್ ಒಬ್ರೇ ಮಾತಾಡಿದ್ರು.’

‘ಇವರಿಗೆಲ್ಲ ಮೇಲೊಬ್ಬ ಯಜಮಾನ ಇರ್ಬೇಕಲ್ಲ?’

‘ಒಬ್ನಾ? ಡಾಕ್ಟ್ರಿಗೆ 2019ರ ಕಾಯ್ದೆಯ ಆಯೋಗ, ಫಿಸಿಯೋ, ಲ್ಯಾಬಿನೋರಿಗೆ 2021ರದ್ದು, ನರ್ಸಿಗೊಂದು, ಹಲ್ಲಿನ ಡಾಕ್ಟ್ರಿಗೊಂದು 2023ರದ್ದು!’

‘ಇಷ್ಟು ಆಯೋಗ ಇದ್ರೂ ಒಟ್ಟಿಗೆ ಕೂರೋ ಯೋಗ ಇಲ್ವಾ?’

‘ಊಟಕ್ಕೆ ಕೂತ್ರಕ್ಕ. ಬಡಿಸಿದ್ದು ನರ್ಸಿಂಗ್‌ನೋರು.’

‘ಸರ್ಟಿಫಿಕೇಟಾದ್ರೂ ಒಂದೇನಾ?’

‘ಎಲ್ರಿಗೂ ಒಂದೇ, ಭೇದವೇ ಇಲ್ಲ. ಕೌಂಟರ್ ಮಾತ್ರ ನಾಲ್ಕು.’