ಇಳಿಜಾರು ನೋಡಿ ನಿಲ್ಲಿಸಿ

ತಿಪಟೂರಿನಿಂದ ಚನ್ನರಾಯಪಟ್ಟಣಕ್ಕೆ ಹೋಗುವ ದಾರಿ ನಿಮಗೆ ಸಪಾಟಾಗಿ ಕಂಡರೆ ನಿಮ್ಮ ಗಾಡಿಯ ಬ್ಯಾಟರಿ ಚೆನ್ನಾಗಿದೆ ಎಂದು ಅರ್ಥ. ನಮಗೆ ಹಾಗೆ ಕಾಣುತ್ತಿರಲಿಲ್ಲ. ನುಗ್ಗೇಹಳ್ಳಿಯ ಸುತ್ತ ಎಲ್ಲೆಲ್ಲಿ ನೆಲ ಒಂದು ಗೇಣು ತಗ್ಗಿದೆ, ಯಾವ ಕೆರೆ ಏರಿಯ ಯಾವ ತುದಿ ಇಳಿಯುತ್ತದೆ, ಯಾವ ನೆಂಟರ ಮನೆ ಮುಂದೆ ಚರಂಡಿಗೆ ಬೀಳುವ ಮುಂಚೆ ಮೂವತ್ತಡಿ ಇಳುಕಲು ಸಿಗುತ್ತದೆ ಎಂಬುದೆಲ್ಲ ನಮ್ಮ ಮನೆಯ ಚಿಕ್ಕ ಮಕ್ಕಳಿಗೂ ಬಾಯಿಪಾಠ. ನೆಂಟಸ್ತನ ಕೂಡ ಅದರ ಮೇಲೇ ನಿಂತಿತ್ತು. ಸಮತಟ್ಟು ಜಾಗ ನೋಡಿ ಮನೆ ಕಟ್ಟಿಸಿಕೊಂಡ ನಮ್ಮ ಸೋದರತ್ತೆಯ ಕಡೆಗೆ ಹೋಗಿಬರುವುದು ಕಡಿಮೆಯಾಯಿತು. ಅವರು "ನನ್ನ ತಮ್ಮನಿಗೆ ದುಡ್ಡು ಬಂದ್ಮೇಲೆ ಕಣ್ಣು ಕಾಣ್ಸಲ್ಲ" ಎಂದು ಊರೆಲ್ಲ ಹೇಳಿಕೊಂಡು ಬಂದರು. ದುಡ್ಡು ಬಂದಿದ್ದರೆ ಆ ತಮ್ಮ, ಅಂದರೆ ನಮ್ಮ ಚಿಕ್ಕಪ್ಪ, ಹೊಸ ಬ್ಯಾಟರಿ ತರುತ್ತಿರಲಿಲ್ಲವೆ?

ಗಾಡಿ ಬಜಾಜ್ ಟೆಂಪೊ ಕಂಪನಿಯ ಮೆಟಡೋರ್. ಆ ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಎಂದು ಹೆಸರು ಬದಲಿಸಿಕೊಂಡ ಸಂಗತಿ ನಮ್ಮ ಗಾಡಿಗೆ ಇನ್ನೂ ಯಾರೂ ತಿಳಿಸಿಲ್ಲ. ತಿಪಟೂರಿನ ಮಾರುಕಟ್ಟೆಗೆ ಕೊಬ್ಬರಿ ಹೊರಲೆಂದು ಬಂದದ್ದು, ಬರುಬರುತ್ತಾ ಮದುವೆ ದಿಬ್ಬಣ, ಜೋಳದ ಕಡ್ಡಿ, ಗಣಪತಿ, ಆಸ್ಪತ್ರೆಯಿಂದ ಮನೆಗೆ ಬರುವ ಬಾಣಂತಿ ಎಲ್ಲವನ್ನೂ ಹೊತ್ತಿದೆ. ಇದರ ಎಂಜಿನ್ ಇರುವುದು ಮುಂದಿನ ಎರಡು ಸೀಟುಗಳ ನಡುವೆ, ಒಂದು ಮುಚ್ಚಳದ ಕೆಳಗೆ. ಆ ಮುಚ್ಚಳದ ಮೇಲೆ ಹಳೇ ಕಂಬಳಿ ಹಾಸಿದರೆ ಧನುರ್ಮಾಸದ ಚಳಿಗೆ ಅದಕ್ಕಿಂತ ಸುಖದ ಆಸನವಿಲ್ಲ. ನಮ್ಮಜ್ಜಿ ಬದುಕಿರುವವರೆಗೂ ಅದು ಅವರಿಗೇ ಮೀಸಲು. ಎಂಜಿನ್ನಿನ ಮೂಲ ನಕ್ಷೆ ಜರ್ಮನಿಯ ಮರ್ಸಿಡಿಸ್ ಬೆಂಜ್‌ನವರದು. ಹೀಗಾಗಿ ಬೆಂಗಳೂರಿನ ಬೀಗರು ಕಾರಿನ ವಿಚಾರ ತೆಗೆದಾಗಲೆಲ್ಲ ಚಿಕ್ಕಪ್ಪ ಮೀಸೆಯ ಕೆಳಗೆ ನಕ್ಕು, "ನಮ್ದೂ ಬೆಂಜೇ ಕಣಪ್ಪ" ಎನ್ನುತ್ತಿದ್ದರು.

ಬೆಂಜಾದರೇನು, ಬೆಳಗ್ಗೆ ಏಳಬೇಕಲ್ಲ. ಪೆಟ್ರೋಲ್ ಎಂಜಿನ್ನಿಗೆ ಒಂದು ಕಿಡಿ ತೋರಿಸಿದರೆ ಸಾಕು. ಡೀಸೆಲ್ಲಿಗೆ ಕಿಡಿ ಗೊತ್ತಿಲ್ಲ. ಅದು ಗಾಳಿಯನ್ನು ಒಳಗೆಳೆದು ಇಪ್ಪತ್ತೊಂದು ಪಾಲನ್ನು ಒಂದು ಪಾಲಾಗುವಷ್ಟು ಹಿಸುಕುತ್ತದೆ. ಹಿಸುಕಿಸಿಕೊಂಡ ಗಾಳಿ ಕೆಂಡದಂತೆ ಕಾಯುತ್ತದೆ. ಅದರೊಳಗೆ ಡೀಸೆಲ್ ಚಿಮುಕಿಸಿದರೆ ತಾನೇ ಹತ್ತಿಕೊಳ್ಳುತ್ತದೆ. ನಿಧಾನವಾಗಿ ಹಿಸುಕಿದರೆ ಕಾವು ಗೋಡೆಗೆ ಹೋಗಿ ಪ್ರಯತ್ನ ದಂಡ. ಎಂಜಿನ್ನನ್ನು ರಭಸದಿಂದ ತಿರುಗಿಸುವ ಕೆಲಸ ಸೆಲ್ಫ್ ಮೋಟಾರಿನದು. ಅದು ಆ ಕೆಲವು ಸೆಕೆಂಡು ತೋಟದ ಮೂರು ಎಚ್‌ಪಿ ಪಂಪ್‌ಸೆಟ್ಟಿಗಿಂತ ಕಡಿಮೆಯೇನೂ ಎಳೆಯುವುದಿಲ್ಲ. ಅದಕ್ಕೂ ಮೊದಲು ಹೀಟರ್ ಪ್ಲಗ್ಗುಗಳು ಕಾಯಲು ತಮ್ಮ ಪಾಲು ಕೇಳುತ್ತವೆ. ಚಳಿಗೆ ಆಯಿಲ್ ಗಟ್ಟಿ, ಬ್ಯಾಟರಿಯೊಳಗಿನ ರಸಾಯನವೂ ಮಂದ. ಎಲ್ಲರೂ ಜಾಸ್ತಿ ಕೇಳುವ ಹೊತ್ತಿಗೇ ಕೊಡುವವನ ಕೈ ಖಾಲಿ. ನಮ್ಮ ಗಾಡಿ ಆ ಹೊತ್ತಿಗೆ "ಉಂ... ಉಂ..." ಎಂದು ಎರಡು ಸಲ ಮುಲುಕಿ, "ಟಕ್" ಎಂದು ಮಾತು ಮುಗಿಸುತ್ತಿತ್ತು.

ಆದರೆ ಈ ಹಳೇ ಡೀಸೆಲ್ ಗಾಡಿಗಳ ಒಂದು ದೊಡ್ಡ ಗುಣ: ಒಮ್ಮೆ ಹೊತ್ತಿಕೊಂಡರೆ ಆಮೇಲೆ ಕರೆಂಟಿನ ಹಂಗಿಲ್ಲ. ಡೀಸೆಲ್ ಪಂಪನ್ನು ಎಂಜಿನ್ನೇ ತಿರುಗಿಸುತ್ತದೆ, ಕಂಪ್ಯೂಟರು ಗಿಂಪ್ಯೂಟರು ಏನಿಲ್ಲ. ಆದ್ದರಿಂದಲೇ ಇಳಿಜಾರಿಗೆ ಅಷ್ಟು ಬೆಲೆ. ಚಕ್ರದ ಕೆಳಗಿನ ಕಲ್ಲು ತೆಗೆ, ಎರಡನೇ ಗೇರಿಗೆ ಹಾಕು, ಕ್ಲಚ್ ಒತ್ತಿ ಉರುಳಲು ಬಿಡು, ಓಟ ಸಿಕ್ಕಾಗ ಕ್ಲಚ್ ಬಿಡು. ಗಾಡಿ ಒಮ್ಮೆ ಮುಗ್ಗರಿಸಿ, ಕಪ್ಪು ಹೊಗೆ ಕಾರಿ, ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ.

ಇಳಿಜಾರು ಇಲ್ಲದ ಕಡೆ ಜನ ಬೇಕು. ನುಗ್ಗೇಹಳ್ಳಿಯಲ್ಲಿ ಜನಕ್ಕೆ ಬರವಿಲ್ಲ. ಟೀ ಅಂಗಡಿಯ ಮುಂದೆ ನಿಂತ ಹುಡುಗರು ತಳ್ಳುತ್ತಿದ್ದರು. ಆಮೇಲೆ ಅವರಿಗೆಲ್ಲ ಟೀ ಕೊಡಿಸಬೇಕು. ಟೀ ಕೊಡಿಸಿದರೂ ಪರವಾಗಿಲ್ಲ. ಒಮ್ಮೆ ತಳ್ಳಿದವನಿಗೆ ಗಾಡಿಯ ಕಾಯಿಲೆಯ ಬಗ್ಗೆ ತೀರ್ಪು ಕೊಡುವ ಹಕ್ಕು ಬಂದುಬಿಡುತ್ತದೆ, ಕಷ್ಟ ಅದು. "ಡೈನಮೋ ಚಾರ್ಜ್ ಮಾಡ್ತಿಲ್ಲ ಕಣಣ್ಣ" ಎಂದು ಒಬ್ಬ. "ಸೆಲ್ಫಿನ ಕಾರ್ಬನ್ ಸವ್ದೋಗೈತೆ" ಎಂದು ಇನ್ನೊಬ್ಬ. ಈ ಡೈನಮೋ ಹೆಸರಿಗೆ ಡೈನಮೋ, ಒಳಗಿರುವುದು ಆಲ್ಟರ್ನೇಟರ್. ಅದನ್ನು ಹೇಳಲು ಹೋದವನನ್ನು ಯಾವ ಟೀ ಅಂಗಡಿಯಲ್ಲೂ ಕೂರಗೊಡುವುದಿಲ್ಲ.

ಕೊನೆಗೆ ಕೆಇಬಿಯಿಂದ ರಿಟೈರಾಗಿದ್ದ ಒಬ್ಬರು ಮೀಟರ್ ತಂದರು. ಕೆಇಬಿ ಹೋಗಿ ಚೆಸ್ಕಾಂ ಬಂದು ಎಷ್ಟು ಕಾಲವಾದರೂ ನಮ್ಮಲ್ಲಿ ರಿಟೈರಾಗುವವರು ಕೆಇಬಿಯಿಂದಲೇ ಆಗುವುದು. ರಾತ್ರಿಯೆಲ್ಲ ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ತೋರಿಸಬೇಕು, ನಮ್ಮದು 12ಕ್ಕೂ ಕೆಳಗಿತ್ತು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಇಳಿಯಬಾರದು, ನಮ್ಮದು 7ರ ಹತ್ತಿರಕ್ಕೆ ಕುಸಿಯಿತು. ತಳ್ಳಿ ಸ್ಟಾರ್ಟ್ ಮಾಡಿದ ಮೇಲೆ ಮತ್ತೆ ಇಟ್ಟು ನೋಡಿದರೆ 14. ಅಲ್ಲಿಗೆ ಡೈನಮೋ ನಿರಪರಾಧಿ ಎಂದಾಯಿತು. ಅಷ್ಟು ದಿನ ಅದರ ಮೇಲೆ ಆರೋಪ ಹೊರಿಸಿದ್ದವರು ಒಬ್ಬರೂ ಕ್ಷಮೆ ಕೇಳಲಿಲ್ಲ. "ಮೀಟರೇ ಸರಿ ಇಲ್ಲ" ಎಂದರು.

ಚನ್ನರಾಯಪಟ್ಟಣದ ಬ್ಯಾಟರಿ ಅಂಗಡಿಗೆ ಹೋದಾಗ ಚಿಕ್ಕಪ್ಪ ಗಾಡಿ ಆಫ್ ಮಾಡಲಿಲ್ಲ. ಅಂಗಡಿ ಮುಂದೆ ನೆಲ ಎರೆದ ದೋಸೆಯಷ್ಟು ಸಪಾಟು. ಗಡಗಡ ಸದ್ದಿನ ನಡುವೆ, ಹೊಗೆಯೊಳಗೆ, ಕೂಗಿ ಕೂಗಿ ವ್ಯಾಪಾರ ನಡೆಯಿತು. ಅಂಗಡಿಯವರು ಮುಚ್ಚಳ ಬಿಚ್ಚಿ ಹೈಡ್ರೋಮೀಟರ್‌ನಿಂದ ಒಂದೊಂದೇ ಸೆಲ್ಲಿನ ನೀರು ಹೀರಿ ನೋಡಿದರು. ಆರರಲ್ಲಿ ಐದು ಸೆಲ್ಲುಗಳಲ್ಲಿ ಬುರುಡೆ ತಕ್ಕಮಟ್ಟಿಗೆ ತೇಲಿತು, ಮೂರನೆಯದರಲ್ಲಿ ಮುಳುಗಿತು. "ನೋಡಿ ಯಜಮಾನ್ರೆ, ಮನೇಲಿ ಐದ್ ಜನ ದುಡೀತಾವ್ರೆ, ಒಬ್ಬ ಮಲಗ್ಬಿಟ್ಟವ್ನೆ. ಒಬ್ಬ ಮಲಗಿದ್ರೆ ಸಂಸಾರ ಎಳೀಯಲ್ಲ" ಎಂದರು. ಚಿಕ್ಕಪ್ಪ ಯಾಕೋ ನನ್ನ ಕಡೆ ನೋಡಿದರು.

ಇನ್ನು ಆಯ್ಕೆ. ಟೀ ಅಂಗಡಿಯಲ್ಲಿ ಇದಕ್ಕಾಗಿಯೇ ಎರಡು ಪಕ್ಷಗಳಿವೆ, ಒಂದು ಎಕ್ಸೈಡಿನದು, ಇನ್ನೊಂದು ಅಮರಾನಿನದು, ಪಕ್ಷಾಂತರ ಅಪರೂಪ. ಹಣೆಪಟ್ಟಿ ಯಾವುದಾದರೂ ಒಳಗಿರುವುದು ಸೀಸದ ಪ್ಲೇಟು ಮತ್ತು ಗಂಧಕಾಮ್ಲ. 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ತೋರಿಸಿಕೊಟ್ಟ ವಿದ್ಯೆಯೇ ಇವತ್ತಿಗೂ ನಮ್ಮ ಕೊಬ್ಬರಿ ಗಾಡಿಯನ್ನು ಎಬ್ಬಿಸುತ್ತಿದೆ. ಚಿಕ್ಕಪ್ಪನ ಸಿದ್ಧಾಂತ ಬೇರೆಯೇ: ದೊಡ್ಡದಾದಷ್ಟೂ ಒಳ್ಳೆಯದು. ಲಾರಿಗೆ ಹಾಕುವ ಬ್ಯಾಟರಿಯನ್ನೇ ತೋರಿಸಿ "ಇದು ಕೊಡಿ" ಎಂದರು. ಅಂಗಡಿಯವರು ಟ್ರೇ ಅಳೆದು, ಕೂರುವುದಿಲ್ಲವೆಂದರು. ಕೂತರೂ ಬಿಗಿ ಪಟ್ಟಿ ಸಿಕ್ಕದೆ, ನಮ್ಮ ರಸ್ತೆಗಳಲ್ಲಿ ಕುಲುಕಿ ಕುಲುಕಿ ಪ್ಲೇಟು ಉದುರುತ್ತದೆ. ಪ್ಲಸ್ ಯಾವ ಬದಿಗಿದೆ ಎಂಬುದೂ ಮುಖ್ಯ. ಅಳತೆ, ಆಂಪಿಯರ್ ಎಲ್ಲ ಒಂದೇ ಇದ್ದರೂ ಕೆಲವಕ್ಕೆ ಎಡಕ್ಕೆ, ಕೆಲವಕ್ಕೆ ಬಲಕ್ಕೆ. ಬದಿ ತಪ್ಪಿದರೆ ಗಾಡಿಯ ಕೇಬಲ್ ಅಲ್ಲಿಗೆ ಎಟುಕುವುದಿಲ್ಲ.

ನನ್ನ ಕೇಳಿದರೆ ಬ್ರಾಂಡಿಗಿಂತ ತಾರೀಖು ನೋಡಬೇಕು. ಬ್ಯಾಟರಿ ಅಂಗಡಿಯ ಹಲಗೆಯ ಮೇಲೆ ಸುಮ್ಮನೆ ಕೂತಿದ್ದರೂ ತನ್ನಷ್ಟಕ್ಕೆ ಇಳಿಯುತ್ತಿರುತ್ತದೆ, ಬಹಳ ದಿನ ಹಾಗೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟು ಗಟ್ಟಿಕಟ್ಟುತ್ತದೆ. ಆದರೆ ಆ ತಾರೀಖು ಓದುವುದೆಲ್ಲಿ? ನಮ್ಮೂರಿನ ಲಕ್ಷ್ಮೀನರಸಿಂಹ ದೇವಸ್ಥಾನವನ್ನು ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು 1246ರಲ್ಲಿ. ಬೈಚೋಜ, ಮಲ್ಲಿತಮ್ಮ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೆತ್ತಿಹೋಗಿದ್ದಾರೆ. ಏಳುನೂರೈವತ್ತಕ್ಕೂ ಹೆಚ್ಚು ವರ್ಷದ ಮಳೆ ಬಿಸಿಲಿನ ಮೇಲೂ ಯಾರ ಕೈಕೆಲಸ ಯಾವುದೆಂದು ತಿಳಿದವರು ಓದಿ ಹೇಳುತ್ತಾರೆ. ಮೊನ್ನೆ ಮೊನ್ನೆ ಫ್ಯಾಕ್ಟರಿಯಿಂದ ಬಂದ ಬ್ಯಾಟರಿಯ ಮೇಲೆ ಮಾತ್ರ ನಾಲ್ಕು ಅಕ್ಷರ, ಐದು ಅಂಕಿ ಬೆಸೆದ ಒಂದು ಗುಟ್ಟಿನ ಗುರುತು. ಅದನ್ನು ಓದಬಲ್ಲ ಏಕೈಕ ಶಾಸನತಜ್ಞ ಅದನ್ನು ಮಾರಲು ಕೂತವನೇ. ಆತ "ಫ್ರೆಶ್ ಮಾಲು" ಎಂದು ಅರ್ಥ ಹೇಳಿದ.

"ಈಗ ಗಾಡಿ ಆಫ್ ಮಾಡಿ" ಎಂದರು ಅಂಗಡಿಯವರು.

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆನ್‌ನಲ್ಲೇ ಹಾಕೋಕೆ ಆಗಲ್ವಾ?"

ಆಗುವುದಿಲ್ಲ. ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ಬಿಚ್ಚಿದರೆ ಡೈನಮೋದ ವೋಲ್ಟೇಜು ಚಿಮ್ಮಿ ಅದರ ಡಯೋಡುಗಳು ಸುಡಬಹುದು. ಅಷ್ಟು ಕಷ್ಟಪಟ್ಟು ನಿರಪರಾಧಿ ಎನಿಸಿಕೊಂಡದ್ದು ವ್ಯರ್ಥವಾದೀತು. ಚಿಕ್ಕಪ್ಪ ಸುತ್ತ ನೋಡಿ, ತಳ್ಳುವ ವಯಸ್ಸಿನವರು ಎಷ್ಟು ಮಂದಿ ಇದ್ದಾರೆಂದು ಮನಸ್ಸಿನಲ್ಲೇ ಎಣಿಸಿ, ಗಾಡಿ ಆಫ್ ಮಾಡಿದರು. ಗದ್ದಲ ನಿಂತಿತು. ಅಲ್ಲಿಯವರೆಗೆ ಕೂಗುತ್ತಿದ್ದ ನಾವೆಲ್ಲ ಅದೇ ದನಿಯಲ್ಲಿ ಇನ್ನೂ ಎರಡು ಮಾತಾಡಿ ನಾಚಿಕೊಂಡೆವು.

ಅಂಗಡಿಯ ಹುಡುಗ ಮೊದಲು ಅರ್ಥ್ ವೈರ್ ಬಿಚ್ಚಿದ. ಯಾಕೆಂದರೆ ಮೈನಸ್ಸು ಗಾಡಿಯ ಮೈಗೆಲ್ಲ ಸೇರಿಕೊಂಡಿದೆ. ಅದಿರುವಾಗ ಪ್ಲಸ್ಸಿಗೆ ಸ್ಪ್ಯಾನರ್ ಹಾಕಿ, ಸ್ಪ್ಯಾನರಿನ ಇನ್ನೊಂದು ತುದಿ ಬಾಡಿಗೆ ತಗುಲಿದರೆ ದೀಪಾವಳಿ. ಟರ್ಮಿನಲ್ ಕ್ಲಾಂಪಿನ ಮೇಲೆ ಬೆಳೆದಿದ್ದ ಹಸಿರು ಬಿಳಿ ಉಪ್ಪಿಗೆ ಪಕ್ಕದ ಹೋಟೆಲಿನ ಬಿಸಿನೀರು ಸುರಿದು, ಒರೆಸಿ, ಮರಳುಕಾಗದದಿಂದ ಉಜ್ಜಿದ. ಹೊಸದನ್ನು ಕೂರಿಸಿ, ಪಟ್ಟಿ ಬಿಗಿದು, ಈ ಸಲ ಪ್ಲಸ್ ಮೊದಲು, ಅರ್ಥ್ ಕೊನೆಗೆ. ಮೇಲೆ ಒಂದಿಷ್ಟು ವ್ಯಾಸಲೀನ್. ಕೀ ಕೊಟ್ಟರೆ ಗಾಡಿ ಮುಲುಕಲೇ ಇಲ್ಲ, ನೇರ ಹೊತ್ತಿಕೊಂಡಿತು. ಚಿಕ್ಕಪ್ಪ ನಂಬದೆ ಆಫ್ ಮಾಡಿ ಮತ್ತೆ ಹೊಡೆದರು, ಮತ್ತೆ ಆಫ್ ಮಾಡಿದರು. ಆಮೇಲೆ ಅದು ಪರೀಕ್ಷೆಯಾಗಿ ಉಳಿಯದೆ ಬರೀ ಸಂತೋಷವಾಯಿತು. ಅಂಗಡಿಯವರೇ ಬಂದು ಕೈ ಹಿಡಿಯಬೇಕಾಯಿತು.

ಹಳೇ ಬ್ಯಾಟರಿಯನ್ನು ಊರಿಗೆ ಒಯ್ದು ಹಂದಿ ಬೇಲಿಗೆ ಹಾಕಬೇಕೆಂದು ಚಿಕ್ಕಪ್ಪನ ಯೋಜನೆ. ಅಂಗಡಿಯವರು ಅದನ್ನು ತಾವೇ ತೂಕಕ್ಕೆ ಹಿಡಿದು ಬಿಲ್ಲಿನಲ್ಲಿ ಕಳೆದರು. ಹಳೆಯದನ್ನು ಕಂಪನಿಗಳು ವಾಪಸು ಪಡೆದು ಸೀಸ ಕರಗಿಸಿ ಮತ್ತೆ ಬಳಸಬೇಕೆಂದು 2022ರ ನಿಯಮವೇ ಇದೆ. "ಇಷ್ಟು ಭಾರ ಅಂತ ಗೊತ್ತಿದ್ರೆ ಮೊದ್ಲೇ ಮಾರ್ತಿದ್ದೆ" ಎಂದರು ಚಿಕ್ಕಪ್ಪ.

ವಾರಂಟಿ ಕಾರ್ಡಿಗೆ ಸೀಲು ಬಿತ್ತು: 36 ತಿಂಗಳು. ಚಿಕ್ಕಪ್ಪ ಅದನ್ನು ಗಾಡಿಯ ಕಾಗದಗಳ ಜೊತೆ ಇಡಲು ಹೋದಾಗ ಅಂಗಡಿಯವರ ಕಣ್ಣು ಎಫ್‌ಸಿ ಮೇಲೆ ಬಿತ್ತು. ನಮ್ಮದರ ವಯಸ್ಸಿನ ಸರಕು ಗಾಡಿಗೆ ಆರ್‌ಟಿಒದವರು ಒಂದೊಂದೇ ವರ್ಷದ ಎಫ್‌ಸಿ ಕೊಡುವುದು. ಅಂಗಡಿಯವರು ಎರಡೂ ಕಾಗದಗಳನ್ನು ಪಕ್ಕಪಕ್ಕ ಹಿಡಿದು ನೋಡಿ, ಬಹಳ ಮರ್ಯಾದೆಯಿಂದ ಹೇಳಿದರು:

"ಗುಜರಿಗೆ ಹಾಕೋವಾಗ ಬ್ಯಾಟ್ರಿ ಬಿಚ್ಕೊಳ್ಳೋದು ಮರೀಬೇಡಿ ಯಜಮಾನ್ರೆ. ವಾರಂಟಿ ಉಳಿದಿರ್ತದೆ."

"ಗುಜರಿಗೆ ಹಾಕೋನು ನಿನ್ ಅಂಗಡಿಗೆ ಯಾಕಪ್ಪ ಬತ್ತಾನೆ?" ಎಂದು ಚಿಕ್ಕಪ್ಪ ಕಾರ್ಡು ಕಿತ್ತುಕೊಂಡು, ಸೀದಾ ಸೋದರತ್ತೆಯ ಮನೆಗೆ ಗಾಡಿ ತಿರುಗಿಸಿದರು.