ಕೊಂಕಲ್ ಗಣಕಮೂರ್ಛಾ ಮೀಮಾಂಸೆ

ಪ್ರಸ್ತುತ ಪ್ರಬಂಧದ ವ್ಯಾಪ್ತಿ ಯಾದಗಿರಿ ಜಿಲ್ಲೆಯ ಕೊಂಕಲ್ ಗ್ರಾಮದ ಒಂದು ಆನ್‌ಲೈನ್ ಸೆಂಟರಿನ ಒಂದೇ ಒಂದು ಡೆಸ್ಕ್‌ಟಾಪಿಗೆ ಸೀಮಿತವಾಗಿದೆ. ಸ್ಥಳನಾಮದ ವ್ಯುತ್ಪತ್ತಿಯಿಂದ ಆರಂಭಿಸುವುದು ನಮ್ಮ ಸಂಶೋಧಕರ ಸಂಪ್ರದಾಯ. ಅದನ್ನು ಇಲ್ಲಿ ಕೈಬಿಟ್ಟಿದ್ದೇನೆ. ಕೊಂಕಲ್ ಎಂಬ ಹೆಸರು ಎಲ್ಲಿಂದ ಬಂತೆಂದು ನಿರ್ಣಯವಾದರೂ ಕಂಪ್ಯೂಟರ್ ಚಾಲೂ ಆಗುವುದಿಲ್ಲ. ಕಲಬುರಗಿಯಿಂದ ಬೇರ್ಪಟ್ಟು ಈ ಜಿಲ್ಲೆ ಹುಟ್ಟಿದ್ದು 2009ರ ಡಿಸೆಂಬರ್ 30ರಂದು ಎಂಬುದನ್ನು ಮಾತ್ರ ದಾಖಲಿಸುತ್ತೇನೆ. ಅದರಿಂದಲೂ ಕಂಪ್ಯೂಟರಿಗೆ ಉಪಯೋಗವಿಲ್ಲ. ಆದರೆ ಮೊದಲ ಪುಟದಲ್ಲಿ ಒಂದು ದಿನಾಂಕವೂ ಇರದ ಪ್ರಬಂಧವನ್ನು ವಿದ್ವಾಂಸರು ಕೈಯಲ್ಲಿ ಹಿಡಿಯುವುದಿಲ್ಲ.

ಮೀಮಾಂಸಕರ ಪ್ರಕಾರ ಒಂದು ಅಧಿಕರಣಕ್ಕೆ ಐದು ಅಂಗಗಳು: ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ. ಯಜ್ಞದ ಸೌಟು ಯಾವ ಮರದ್ದಿರಬೇಕು ಎಂಬಂಥ ಪ್ರಶ್ನೆಗಳಿಗೆ ಅವರು ಈ ದಾರಿ ಹಿಡಿದರು. ಸೌಟಿಗೆ ಸಂದ ಮರ್ಯಾದೆ ಸಿಪಿಯುಗೂ ಸಲ್ಲಬೇಕು.

ವಿಷಯ ಹೀಗಿದೆ. ಸದರಿ ಕಂಪ್ಯೂಟರ್ ಪಹಣಿ ತೆಗೆಯುತ್ತದೆ, ಜಾತಿ-ಆದಾಯ ಪ್ರಮಾಣಪತ್ರದ ಅರ್ಜಿ ತುಂಬುತ್ತದೆ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಲಗ್ನಪತ್ರಿಕೆ ಟೈಪ್ ಮಾಡಿಸಿಕೊಳ್ಳುತ್ತದೆ. ಬೆಳಗಿನಿಂದ ಸಂಜೆಯ ತನಕ ಒಂದು ಚಕಾರವೆತ್ತುವುದಿಲ್ಲ. ಆದರೆ ಡಿ ಡ್ರೈವಿನೊಳಗೆ ಹೋಗಿ ವಿಡಿಯೊಗಳನ್ನಿಟ್ಟ ‘ಲಗ್ನ’ ಎಂಬ ಫೋಲ್ಡರನ್ನು ತೆರೆದಿರೋ, ಬಾಣದ ಪಕ್ಕ ಒಂದು ಚಕ್ರ ತಿರುಗುತ್ತದೆ, ಕಿಟಕಿ ಬೆಳ್ಳಗಾಗುತ್ತದೆ, ಕೆಳಗಿನ ಟಾಸ್ಕ್‌ಬಾರ್ ಮಾಯವಾಗುತ್ತದೆ, ಡೆಸ್ಕ್‌ಟಾಪಿನ ಐಕಾನುಗಳೆಲ್ಲ ಅಳಿಸಿಹೋಗುತ್ತವೆ, ವಾಲ್‌ಪೇಪರಿನ ದೇವರೊಬ್ಬರೇ ಉಳಿಯುತ್ತಾರೆ. ಸ್ವಲ್ಪ ಹೊತ್ತಿಗೆ ಎಲ್ಲವೂ ಮರಳಿ ಬರುತ್ತದೆ, ತೆರೆದ ಫೋಲ್ಡರ್ ಒಂದನ್ನು ಬಿಟ್ಟು.

“ನನ್ನ ಪಹಣಿ ಹೋಯ್ತೇನೋ ತಮ್ಮಾ?” ಎಂದು ಬೆಂಚಿನ ಮೇಲಿನ ಮುತ್ಯಾ ಕೇಳುತ್ತಾರೆ.

“ಇಲ್ರಿ ಮುತ್ಯಾ, ಹ್ಯಾಂಗ್ ಆಗ್ಯಾದ. ಜರಾ ಕುಂದರ್ರಿ” ಎನ್ನುತ್ತಾನೆ ಸೆಂಟರಿನ ಹುಡುಗ.

ಈ ‘ಹ್ಯಾಂಗ್ ಆಗ್ಯಾದ’ ಎಂಬ ಮಾತಿಗೆ ಶಾಸ್ತ್ರದಲ್ಲಿ ಬೆಲೆಯಿಲ್ಲ. ಅದು ಅತಿವ್ಯಾಪ್ತಿ ದೋಷಕ್ಕೆ ಸಿಕ್ಕುತ್ತದೆ. ಕರೆಂಟ್ ಹೋದರೂ, ಸರ್ವರ್ ಬಂದ್ ಬಿದ್ದರೂ, ಪ್ರಿಂಟರಿನಲ್ಲಿ ಹಾಳೆ ಮುಗಿದರೂ ನಮ್ಮ ಕಡೆ ಅದೇ ಮಾತು. ಆದ್ದರಿಂದ ಹೊಸ ಲಕ್ಷಣವೊಂದನ್ನು ಹೇಳುತ್ತೇನೆ: ಕಡತವನ್ನು ಮುಟ್ಟದೆ, ತಿದ್ದದೆ, ಕೇವಲ ಇರುವ ಜಾಗವನ್ನು ನೋಡಿದ ಮಾತ್ರಕ್ಕೆ ಕುಸಿದು ತಾನಾಗಿಯೇ ಎದ್ದು ಕೂರುವುದು ದರ್ಶನಮೂರ್ಛೆ. ಕರೆಂಟ್ ಹೋದಾಗ ಯಂತ್ರ ತಾನಾಗಿ ಏಳುವುದಿಲ್ಲವಾದ್ದರಿಂದ ಅತಿವ್ಯಾಪ್ತಿಯಿಲ್ಲ. ಸದರಿ ಯಂತ್ರಕ್ಕೆ ಅನ್ವಯಿಸುವುದರಿಂದ ಅವ್ಯಾಪ್ತಿಯಿಲ್ಲ. ಅಸಂಭವ ಎನ್ನುವವರು ಕೊಂಕಲಿಗೆ ಬಂದು ನೋಡಬಹುದು.

ಸಂಶಯ ಒಂದೇ. ತಪ್ಪು ಯಂತ್ರದ್ದೋ, ಕಡತದ್ದೋ?

ಪೂರ್ವಪಕ್ಷಗಳಿಗೆ ಊರಿನಲ್ಲಿ ಬರವಿಲ್ಲ. ಬೆಂಚಿನ ಮೇಲೆ ಎಷ್ಟು ಜನ ಕೂತಿರುತ್ತಾರೋ ಅಷ್ಟು ದರ್ಶನಗಳು. ಅವುಗಳಲ್ಲಿ ಪ್ರಬಲವಾದುದು ವೋಲ್ಟೇಜ್ ವಾದ. ಕರೆಂಟು ಏರಿಳಿದು ಎಸ್‌ಎಂಪಿಎಸ್ ದಣಿದಿದೆ ಎನ್ನುತ್ತಾರೆ. ಇವರು ಅನ್ವಯ-ವ್ಯತಿರೇಕವನ್ನು ಮರೆತಿದ್ದಾರೆ. ಕಾರಣವಿದ್ದರೆ ಕಾರ್ಯವಿರಬೇಕು, ಕಾರಣವಿಲ್ಲದಿದ್ದರೆ ಕಾರ್ಯವೂ ಇರಬಾರದು. ವೋಲ್ಟೇಜಿಗೆ ‘ಪಹಣಿ’ ಫೋಲ್ಡರ್ ಯಾವುದು, ‘ಲಗ್ನ’ ಫೋಲ್ಡರ್ ಯಾವುದು ಎಂಬ ತಾರತಮ್ಯ ಜ್ಞಾನವಿಲ್ಲ. ಅದೇ ಮಾತು ಬಿಸಿಲುವಾದಿಗಳಿಗೂ ಅನ್ವಯಿಸುತ್ತದೆ. ನಮ್ಮಲ್ಲಿ ಬೇಸಿಗೆ 40 ಡಿಗ್ರಿ ದಾಟುವುದು ನಿಜ, ಹತ್ತಿ-ತೊಗರಿಯ ಸುಗ್ಗಿಯಲ್ಲಿ ಫ್ಯಾನಿನ ರೆಕ್ಕೆಗೆ ದೂಳು ಮೆತ್ತುವುದೂ ನಿಜ. ಆದರೆ ಪ್ರೊಸೆಸರ್ ಕಾದರೆ ಇಡೀ ಯಂತ್ರ ಆರಿಹೋಗುತ್ತದೆ. ಟಾಸ್ಕ್‌ಬಾರನ್ನಷ್ಟೇ ಆರಿಸಿ ಮತ್ತೆ ಹಚ್ಚುವ ನಾಜೂಕು ನಮ್ಮ ಬಿಸಿಲಿಗೆ ಎಂದೂ ಇದ್ದಿಲ್ಲ.

ಮೂರನೆಯದು ರಬ್ಬರ್ ಪಂಥ. ಸಿಪಿಯು ಬಿಚ್ಚಿ, ರ‍್ಯಾಮ್ ಕಿತ್ತು, ಅದರ ಬಂಗಾರದ ಬಣ್ಣದ ಅಂಚನ್ನು ಶಾಲಾಮಕ್ಕಳ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು ಇವರ ಏಕೈಕ ಕ್ರಿಯೆ. ಇದನ್ನು ನಗೆಗೆ ಈಡುಮಾಡಲಾರೆ. ಪರದೆ ಕಪ್ಪಾಗಿ ಬೀಪ್ ಬೀಪ್ ಎನ್ನುವ ಯಂತ್ರಗಳು ಈ ಮಾರ್ಗದಿಂದ ಬದುಕಿದ್ದನ್ನು ಯಾರು ಬೇಕಾದರೂ ನೋಡಿರುತ್ತಾರೆ. ರ‍್ಯಾಮ್ ಕೆಟ್ಟರೂ ಮೂರ್ಛೆ ಬರುತ್ತದೆ, ಆದರೆ ಅದು ಎಲ್ಲಿ ಬೇಕಾದಲ್ಲಿ, ಯಾವಾಗ ಬೇಕಾದಾಗ ಬರುತ್ತದೆ. ಒಂದೇ ಬಾಗಿಲಲ್ಲಿ ಎಡವುವವನ ಕಣ್ಣು ಪರೀಕ್ಷಿಸುವ ಮೊದಲು ಹೊಸ್ತಿಲನ್ನು ನೋಡಬೇಕು.

ನಾಲ್ಕನೆಯದು ರಿಫ್ರೆಶ್ ಪಂಥ. ಇದಕ್ಕೆ ಭಾರತದಾದ್ಯಂತ ಅನುಯಾಯಿಗಳಿದ್ದಾರೆ. ಯಂತ್ರ ಹಚ್ಚಿದೊಡನೆ ಡೆಸ್ಕ್‌ಟಾಪಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ರಿಫ್ರೆಶ್, ಮತ್ತೆ ರಿಫ್ರೆಶ್. ಜಪ ಮುಗಿಯುವ ತನಕ ಕೆಲಸ ಆರಂಭವಾಗುವುದಿಲ್ಲ. ಐಕಾನುಗಳನ್ನು ಮತ್ತೊಮ್ಮೆ ಬಿಡಿಸುವುದನ್ನು ಬಿಟ್ಟು ಅದರಿಂದ ಏನೂ ಆಗದು. ವಿಪರ್ಯಾಸವೆಂದರೆ, ಬಲಗುಂಡಿ ಒತ್ತಿದಾಗ ತೆರೆಯುವ ಪಟ್ಟಿಗೆ ಜಿಪ್ ಮಾಡುವವರು, ಆಂಟಿವೈರಸ್ಸಿನವರು, ಗ್ರಾಫಿಕ್ಸ್ ಡ್ರೈವರಿನವರು ಎಲ್ಲರೂ ತಮ್ಮ ತುಂಡು ತುಂಡು ಪ್ರೋಗ್ರಾಂ ಸೇರಿಸಿರುತ್ತಾರೆ. ಅವುಗಳಲ್ಲಿ ಒಂದು ಕೆಟ್ಟಿದ್ದರೂ ಆ ಬಲಗುಂಡಿಯೇ ಮೂರ್ಛೆಗೆ ಕಾರಣವಾಗುತ್ತದೆ. ಔಷಧದಿಂದಲೇ ರೋಗ ಹುಟ್ಟುವ ಈ ಪ್ರಸಂಗ ವೈದ್ಯಶಾಸ್ತ್ರಕ್ಕೆ ಹೊಸದಲ್ಲ.

ವೈರಸ್ ವಾದಿಗಳನ್ನು ಹೀಗೆ ತಳ್ಳಿಹಾಕುವಂತಿಲ್ಲ. ಫೋಲ್ಡರಿನ ಹಳದಿ ವೇಷ ತೊಟ್ಟು ಬರುತ್ತಿದ್ದ ‘ನ್ಯೂ ಫೋಲ್ಡರ್ ಡಾಟ್ ಎಕ್ಸ್‌ಇ’, ಪೆನ್‌ಡ್ರೈವಿನ ಕಡತಗಳನ್ನೆಲ್ಲ ಬಚ್ಚಿಟ್ಟು ಶಾರ್ಟ್‌ಕಟ್ಟುಗಳನ್ನು ಮುಂದಿಡುತ್ತಿದ್ದ ಇನ್ನೊಂದು, ಇವೆಲ್ಲ ನಮ್ಮ ಸೆಂಟರುಗಳನ್ನು ಆಳಿ ಹೋದ ಸಂಸ್ಥಾನಗಳು. ಹುಡುಗ ಸ್ಕ್ಯಾನ್ ಮಾಡಿಸಿದ. ಏನೂ ಸಿಗಲಿಲ್ಲ.

ಫೋಲ್ಡರಿಗೆ ಕನ್ನಡದಲ್ಲಿ ಹೆಸರಿಟ್ಟದ್ದೇ ತಪ್ಪು ಎಂದ ಒಬ್ಬ ಮಾಸ್ತರರ ವಾದಕ್ಕೆ ಮಾತ್ರ ಪ್ರಬಂಧಕಾರ ಸಿಟ್ಟಿನಿಂದ ಉತ್ತರಿಸಬೇಕಾಗಿದೆ. ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಕನ್ನಡವಿದೆ. 1993ರಲ್ಲಿ ಬಂದ ಎನ್‌ಟಿಎಫ್‌ಎಸ್ ವ್ಯವಸ್ಥೆ ಹೆಸರುಗಳನ್ನು ಯೂನಿಕೋಡಿನಲ್ಲೇ ಇಡುತ್ತದೆ. ಮಾಸ್ತರರ ಪರವಾಗಿ ಹೇಳಬಹುದಾದದ್ದು ಇಷ್ಟೇ: ವಿಂಡೋಸಿನಲ್ಲಿ ಕಡತದ ಪೂರ್ತಿ ವಿಳಾಸಕ್ಕೆ ಹಿಂದಿನಿಂದ ಬಂದ 260 ಸಂಕೇತಗಳ ಮಿತಿಯಿದೆ, ‘ಶ್ರೀ’ ಎಂಬ ಒಂದು ಅಕ್ಷರವೇ ಅದರಲ್ಲಿ ನಾಲ್ಕನ್ನು ನುಂಗುತ್ತದೆ. ಫೋಲ್ಡರಿನೊಳಗೆ ಫೋಲ್ಡರಿಟ್ಟು ಪ್ರತಿಯೊಂದಕ್ಕೂ ಲಗ್ನಪತ್ರಿಕೆಯ ಉದ್ದದ ಹೆಸರಿಟ್ಟರೆ ಮಿತಿ ದಾಟುತ್ತದೆ. ದಾಟಿದಾಗ ವಿಂಡೋಸ್ ತಕರಾರು ಮಾಡುತ್ತದೆ, ಮೂರ್ಛೆ ಹೋಗುವುದಿಲ್ಲ. ಸಾಲದ್ದಕ್ಕೆ ಫೋಲ್ಡರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ನೋಡಲಾಯಿತು. ಇಂಗ್ಲಿಷಿನಲ್ಲೂ ಬಿತ್ತು.

ಇನ್ನು ಫಾರ್ಮ್ಯಾಟ್ ವಾದ. “ಸುಮ್ನ ಫಾರ್ಮ್ಯಾಟ್ ಹೊಡೀರಿ ಅಣ್ಣಾ.” ಇದು ಕಾರಣವನ್ನು ಹುಡುಕುವುದೇ ಇಲ್ಲ; ಸಾಕ್ಷಿಯನ್ನು ಕೊಂದು ಮೊಕದ್ದಮೆ ಮುಗಿಸುತ್ತದೆ. ಹಾಗೆಂದು ಅದಕ್ಕೆ ಪ್ರಯೋಗದ ಬೆಲೆ ಇಲ್ಲವೆಂದಲ್ಲ. ಈ ಯಂತ್ರಕ್ಕೂ ಒಮ್ಮೆ ಫಾರ್ಮ್ಯಾಟ್ ಆಯಿತು. ಸಿ ಡ್ರೈವ್ ಅಳಿಯಿತು, ‘ನುಡಿ’ ಹೋಯಿತು, ಪ್ರಿಂಟರಿನ ಡ್ರೈವರ್ ಹೋಯಿತು, ಲಗ್ನದ ವಿಡಿಯೊ ನೋಡಲಿಕ್ಕೆ ಹಾಕಿಕೊಂಡಿದ್ದ ಕೋಡೆಕ್ ಪ್ಯಾಕ್ ಹೋಯಿತು. ಎಲ್ಲವನ್ನೂ ಮರಳಿ ಹಾಕಿದರು, ಕೋಡೆಕ್ ಪ್ಯಾಕನ್ನೂ ಸೇರಿಸಿ. ಡಿ ಡ್ರೈವನ್ನು ಮುಟ್ಟಿರಲಿಲ್ಲ. ‘ಲಗ್ನ’ವನ್ನು ತೆರೆದರು. ಬಿತ್ತು. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿದ ವಾದ ದರ್ಶನಗಳ ಚರಿತ್ರೆಯಲ್ಲಿ ಇದೊಂದೇ ಇರಬೇಕು.

ಕುಸಿತವನ್ನು ಅನಿಷ್ಟವೆಂದು ನೋಡುವುದೇ ತಪ್ಪು ಎಂಬುದು ಪ್ರಬಂಧಕಾರನ ಮತ. ನಮ್ಮ ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ, ಭೀಮೆಯ ದಂಡೆಯ ಸನ್ನತಿಯಲ್ಲಿ, 1986ರಲ್ಲಿ ಕಾಳಿ ಗುಡಿಯ ಚಾವಣಿ ಬಿತ್ತು. ವಿಗ್ರಹ ಮುರಿಯಿತು. ವಿಗ್ರಹ ನಿಂತಿದ್ದ ಪೀಠದ ಕಲ್ಲನ್ನು ನೋಡಿದರೆ ಅದರ ಮೇಲೆ ಅಶೋಕನ ಶಾಸನ! ಒಂದು ಮಗ್ಗುಲಲ್ಲಿ ಹನ್ನೆರಡನೆಯ ಹಾಗೂ ಹದಿನಾಲ್ಕನೆಯ ಬಂಡೆಶಾಸನಗಳು, ಇನ್ನೊಂದು ಮಗ್ಗುಲಲ್ಲಿ ಎರಡು ಪ್ರತ್ಯೇಕ ಶಾಸನಗಳು. ಗುಡಿ ಗಟ್ಟಿಯಾಗಿ ನಿಂತಿದ್ದಷ್ಟು ಕಾಲ ಯಾರಿಗೂ ಕೆಳಗಿನ ಕಲ್ಲು ಕಂಡಿರಲಿಲ್ಲ. ಚಾವಣಿ ಬಿದ್ದಾಗ ಕಸ ಬಳಿದು ಹೊಸ ಗುಡಿ ಕಟ್ಟಿಬಿಟ್ಟಿದ್ದರೆ ಅದು ಫಾರ್ಮ್ಯಾಟ್ ಆಗುತ್ತಿತ್ತು. ಬಗ್ಗಿ ಓದಿದ್ದರಿಂದ ಸಂಶೋಧನೆಯಾಯಿತು.

ಬಗ್ಗಿ ಓದಲಿಕ್ಕೆ ವಿಂಡೋಸಿನಲ್ಲೂ ಒಂದು ಕಲ್ಲಿದೆ. ಅದರ ಹೆಸರು ಈವೆಂಟ್ ವ್ಯೂವರ್. ಸ್ಟಾರ್ಟ್ ಒತ್ತಿ ಹೆಸರು ಬರೆದರೆ ಬರುತ್ತದೆ. ಅದರಲ್ಲಿ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಕೆಂಪು ಗುರುತಿನ, 1000 ಸಂಖ್ಯೆಯ ಬರಹ ಹುಡುಕಿ. ನಮ್ಮ ದಾನಶಾಸನಗಳಲ್ಲಿ ತಿಥಿ, ದಾನಿ, ಗಡಿಗಳು ಇರುವಂತೆ ಇಲ್ಲಿಯೂ ಕ್ರಮವಿದೆ: ಬಿದ್ದ ವೇಳೆ, ಬಿದ್ದ ಪ್ರೋಗ್ರಾಮಿನ ಹೆಸರು, ಬೀಳಿಸಿದ ತುಂಡಿನ ಹೆಸರು, ದೋಷದ ಸಂಕೇತ. ಬಿದ್ದದ್ದು ಎಕ್ಸ್‌ಪ್ಲೋರರ್ ಡಾಟ್ ಎಕ್ಸ್‌ಇ. ‘ಫಾಲ್ಟಿಂಗ್ ಮಾಡ್ಯೂಲ್’ ಎಂಬ ಸಾಲಿನಲ್ಲಿ ಕೋಡೆಕ್ ಪ್ಯಾಕಿನ ಒಂದು ಡಿಎಲ್‌ಎಲ್. ಸಂಕೇತ 0ಎಕ್ಸ್‌ಸಿ0000005, ಅಂದರೆ ತನ್ನದಲ್ಲದ ನೆನಪಿನ ಜಾಗಕ್ಕೆ ಕೈಹಾಕಿದ ಅಪರಾಧ. ಭೂಒತ್ತುವರಿ ಎಂದರೆ ನಮ್ಮ ಕಡೆಯ ಮುತ್ಯಾಗಳಿಗೆ ಒಡನೆ ಅರ್ಥವಾಗುತ್ತದೆ.

ಸಿದ್ಧಾಂತ ಇಲ್ಲಿಂದ ಸಲೀಸು. ಫೋಲ್ಡರನ್ನು ಸುಮ್ಮನೆ ನೋಡುತ್ತೇವೆ ಎಂದುಕೊಳ್ಳುವುದು ನಮ್ಮ ಭ್ರಮೆ. ದೊಡ್ಡ ಐಕಾನಿನ ನೋಟದಲ್ಲಿ ವಿಂಡೋಸ್ ಪ್ರತಿ ವಿಡಿಯೊವನ್ನೂ ಒಳಹೊಕ್ಕು, ಒಂದು ದೃಶ್ಯ ಹೆಕ್ಕಿ, ಪುಟ್ಟ ಚಿತ್ರ ಬಿಡಿಸುತ್ತದೆ. ಗೊತ್ತಿಲ್ಲದ ನಮೂನೆಯದಾದರೆ ಹೊರಗಿನವರು ಹಾಕಿದ ಕೋಡೆಕ್ಕಿನ ಸಹಾಯ ಕೇಳುತ್ತದೆ. ವಿಸ್ಟಾದ ಕಾಲದಿಂದ ಈ ಕೆಲಸವನ್ನು ಸಾಮಾನ್ಯವಾಗಿ ಕಾಮ್ ಸರೊಗೇಟ್ ಎಂಬ ಬಾಡಿಗೆ ಆಳಿಗೆ ವಹಿಸುತ್ತಾರೆ. ಸತ್ತರೆ ಆಳು ಸಾಯಲಿ, ಧಣಿ ಉಳಿಯಲಿ ಎಂಬ ಗೌಡಿಕೆ ನ್ಯಾಯ. ಆದರೆ ಬೇರೆ ಕೋಣೆ ಬೇಡ, ಧಣಿಯ ಪಡಸಾಲೆಯಲ್ಲೇ ಕೂರುತ್ತೇನೆ ಎಂದು ನೋಂದಾಯಿಸಿಕೊಳ್ಳಲು ಕೋಡೆಕ್ಕಿಗೆ ಅವಕಾಶವಿದೆ. ನಮ್ಮದು ಹಾಗೆ ಕೂತಿತ್ತು. ಫೋಲ್ಡರ್ ತೋರಿಸುವವನೂ ಟಾಸ್ಕ್‌ಬಾರ್ ಕಟ್ಟುವವನೂ ಡೆಸ್ಕ್‌ಟಾಪ್ ಹಾಸುವವನೂ ಒಬ್ಬನೇ ಎಕ್ಸ್‌ಪ್ಲೋರರ್. ಆತ ಬಿದ್ದಾಗ ದೇವರೊಬ್ಬರೇ ಉಳಿದದ್ದರ ರಹಸ್ಯ ಇದೇ.

ಪರೀಕ್ಷೆಗೆ ಫೋಲ್ಡರ್ ಆಪ್ಷನ್ಸಿಗೆ ಹೋಗಿ, ಯಾವಾಗಲೂ ಐಕಾನನ್ನೇ ತೋರಿಸು, ಚಿತ್ರ ಬೇಡ ಎಂಬ ಮೊದಲ ಚೌಕಕ್ಕೆ ಗುರುತು ಹಾಕಲಾಯಿತು. ‘ಲಗ್ನ’ ತೆರೆಯಿತು, ನಿಂತಿತು. ಇಷ್ಟಾದರೂ ನಿಲ್ಲದೆ, ಕಿಟಕಿಯ ಮೇಲಿನ ವಿಳಾಸಪಟ್ಟಿಯಲ್ಲಿ ಹಸಿರು ಗೆರೆ ಆಮೆಯ ಹಾಗೆ ಹರಿಯುತ್ತ ಕೂತಿದ್ದರೆ ಸಂಶಯ ಹಾರ್ಡ್‌ಡಿಸ್ಕಿನ ಕಡೆ ತಿರುಗಬೇಕಿತ್ತು. ಅಲ್ಲಿ ಮೊದಲು ಬ್ಯಾಕಪ್, ಆಮೇಲೆ ಚೆಕ್‌ಡಿಸ್ಕ್.

ತಪ್ಪಿತಸ್ಥ ಕಡತವನ್ನು ಹಿಡಿಯಲು ಅರ್ಧಾರ್ಧ ನ್ಯಾಯ. ಅರ್ಧ ವಿಡಿಯೊಗಳನ್ನು ಬೇರೆ ಫೋಲ್ಡರಿಗೆ ಸರಿಸಿ, ಚಿತ್ರಗಳನ್ನು ಮತ್ತೆ ಚಾಲೂ ಮಾಡಿ, ಯಾವ ಅರ್ಧ ಬೀಳಿಸುತ್ತದೆ ನೋಡಿ. ಬೀಳಿಸಿದ್ದನ್ನು ಮತ್ತೆ ಎರಡು ಮಾಡಿ. 1024 ಕಡತಗಳಿದ್ದರೂ ಹತ್ತು ಸಲ ಸೀಳುವುದರೊಳಗೆ ಒಂದೇ ಉಳಿಯುತ್ತದೆ. ಅಣ್ತಮ್ಮಂದಿರು ಹೊಲ ಹಂಚಿಕೊಂಡು ಹಂಚಿಕೊಂಡು ಕಡೆಗೆ ಬದುವಷ್ಟೇ ಉಳಿಯುವ ಗಣಿತವನ್ನು ಪಹಣಿ ತೆಗೆಯುವ ಹುಡುಗನಿಗೆ ಯಾರೂ ಕಲಿಸಬೇಕಾಗಲಿಲ್ಲ.

ಉಳಿದದ್ದು ‘ಅಕ್ಕಿಕಾಳು ಫೈನಲ್ ಡಾಟ್ ಎಂಪಿ4’. ಮೊಬೈಲಿನಲ್ಲಿ ಹಿಡಿದ ಎಂಪಿ4 ಕಡತಗಳಲ್ಲಿ ಯಾವ ದೃಶ್ಯ ಎಲ್ಲಿದೆ ಎಂದು ಹೇಳುವ ಸೂಚಿ ಬಹುಮಟ್ಟಿಗೆ ಕಡೆಯಲ್ಲಿರುತ್ತದೆ. ಪೆನ್‌ಡ್ರೈವಿಗೆ ಇಳಿಯುತ್ತಿರುವಾಗಲೇ ಯಾರೋ ಕಿತ್ತರೆ ಕಡೆಯೇ ಕಾಣೆ. ಸೂಚಿಯಿಲ್ಲದ ಗ್ರಂಥವನ್ನು ಬದಿಗಿಡುವುದು ವಿವೇಕಿಗಳ ರೀತಿ. ನಮ್ಮ ಕೋಡೆಕ್ ಸೂಚಿ ಹುಡುಕುತ್ತ ಪಕ್ಕದವರ ಹೊಲಕ್ಕೆ ನುಗ್ಗಿತು.

ಪ್ರಾಯಶ್ಚಿತ್ತದಲ್ಲಿ ತೊಡಕು ಬಂತು. ಕೋಡೆಕ್ ಪ್ಯಾಕನ್ನು ಕಿತ್ತುಹಾಕಿ, ತನ್ನ ಕೋಡೆಕ್ಕುಗಳನ್ನು ತನ್ನೊಳಗೇ ಇಟ್ಟುಕೊಳ್ಳುವ ವಿಎಲ್‌ಸಿಯನ್ನು ಹಾಕಿದ್ದಾಯಿತು. ಕಡತವನ್ನು ಅಳಿಸಲು ಹೊರಟಾಗ ಲಗ್ನದ ಮನೆಯ ಕಾಕಾ ಅಡ್ಡ ಬಂದರು. “ಅದೊಂದು ಅಳಸಬ್ಯಾಡ್ರಿ. ನಮ್ಮಪ್ಪ ಅಕ್ಕಿಕಾಳು ಹಾಕಿದ್ದು ಅದರಾಗೇ ಅದ.” ಶಾಸ್ತ್ರ ಇಂಥಲ್ಲಿ ಸನ್ಯಾಸವನ್ನು ವಿಧಿಸುತ್ತದೆ. ಕಡತದ ಪೂರ್ವಾಶ್ರಮದ ನಾಮವಾದ ‘ಎಂಪಿ4’ ತೆಗೆದು ಕೊನೆಗೆ ‘ಹಳೇದು’ ಎಂದು ಬರೆಯಲಾಯಿತು. ಅದು ವಿಡಿಯೊ ಎಂಬುದು ವಿಂಡೋಸಿಗೆ ಈಗ ತಿಳಿಯುವುದಿಲ್ಲ, ತಿಳಿಯದ್ದರಿಂದ ಇಣುಕುವುದಿಲ್ಲ. ಅದೇ ಫೋಲ್ಡರಿನಲ್ಲಿ ಬಿಳಿ ಹಾಳೆಯ ಐಕಾನು ತೊಟ್ಟು ಕೂತಿದೆ.

ಸಂಗತಿಯ ಬದಲು ಒಂದು ವಿನಂತಿ. ಆ ಲಗ್ನಕ್ಕೆ ಬಂದಿದ್ದವರ ಯಾರ ಮೊಬೈಲಿನಲ್ಲಾದರೂ ಅಕ್ಕಿಕಾಳಿನ ಪೂರ್ತಿ ವಿಡಿಯೊ ಇದ್ದರೆ ದಯವಿಟ್ಟು ಕೊಂಕಲ್ ಸೆಂಟರಿಗೆ ತಂದುಕೊಡಿ. ಪೆನ್‌ಡ್ರೈವಿನಲ್ಲಿ ತರುವುದಾದರೆ ಇಜೆಕ್ಟ್ ಒತ್ತಿ, ತೆಗೆಯಬಹುದು ಎಂದು ಅದು ಹೇಳಿದ ಮೇಲೆಯೇ ಕೀಳಿರಿ.