ಚುಕ್ಕಿಗೆರೆಯ ಪೊರ್ಬುಗಳು

ಸಾವಿನ ಮನೆಯಲ್ಲಿ ಎಲ್ಲರೂ ತೀರಿಹೋದವರ ಗುಣಗಾನ ಮಾಡುತ್ತಿರುವಾಗ, ಅವರ ಅಜ್ಜಿಯ ತವರು ಯಾವುದೆಂದು ಮೆಲ್ಲಗೆ ವಿಚಾರಿಸುವವರೊಬ್ಬರು ಕಂಡರೆ ಅವರೇ ನಮ್ಮ ನೆರೆಯ ಪೊರ್ಬುಗಳು. ಬ್ಯಾಂಕಿನಿಂದ ನಿವೃತ್ತರು. ಕಂಕುಳಲ್ಲಿ ಸದಾ ಸುರುಳಿ ಸುತ್ತಿದ ಚಾರ್ಟು. ರುಜುವಾತಾದ ಸಂಬಂಧಕ್ಕೆ ಅದರಲ್ಲಿ ನೇರ ಗೆರೆ, ‘ಆಗಿರಬಹುದು’ ಎಂಬುದಕ್ಕೆ ಚುಕ್ಕಿಗೆರೆ. ನೇರ ಗೆರೆಗಳನ್ನು ನೋಡಬೇಕಾದರೆ ಕನ್ನಡಕ ಒರೆಸಿಕೊಂಡು ಹುಡುಕಬೇಕು.

ಭಾನುವಾರದ ಪೂಜೆ ಮುಗಿದರೆ ಯಾವುದಾದರೊಂದು ಹಳ್ಳಿಯ ಇಗರ್ಜಿಗೆ ಸವಾರಿ. ಸ್ಕೂಟರಿನ ಸದ್ದು ಕೇಳಿದೊಡನೆ ವಿಗಾರರಿಗೆ ಏನಾದರೂ ತುರ್ತು ಪ್ರಾರ್ಥನೆ ನೆನಪಾಗುತ್ತದಂತೆ. ಬಿಟ್ಟಾರೇ? ಜ್ಞಾನಸ್ನಾನ, ಮದುವೆಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಟ್ರೆಂಟ್ ಮಹಾಸಭೆ 1563ರಲ್ಲಿ ವಿಧಿಸಿದ್ದೇ ತಮ್ಮ ಅನುಕೂಲಕ್ಕಾಗಿ ಎಂದು ಪೊರ್ಬುಗಳು ನಂಬಿದ್ದಾರೆ. ಬೀರು ತೆರೆಯುತ್ತದೆ, ಗೆದ್ದಲು ತಿಂದು ಬಿಟ್ಟ ಪುಟಗಳು ಹೊರಬರುತ್ತವೆ. ಲ್ಯಾಟಿನ್ನಿನಲ್ಲಿ ಜೊವಾನ್ನೆಸ್ ಆದವನು ಮನೆಯಲ್ಲಿ ಜುವಾಂವ್. ಹಿರಿಯ ಮಗನಿಗೆ ಅಜ್ಜನ ಹೆಸರಿಡುವ ರೂಢಿ ಬೇರೆ; ಒಂದೇ ಊರಿನಲ್ಲಿ ಸಾಲ್ವದೋರ್ ಡಿಸೋಜರು ಸಾಲುಗಟ್ಟಿ ನಿಂತಿರುತ್ತಾರೆ. ಗೋವೆಯಲ್ಲಿ ಮತಾಂತರದ ಹೊತ್ತಿಗೆ ಜ್ಞಾನತಂದೆಯದೋ ಪಾದ್ರಿಯದೋ ಕುಲನಾಮ ಅಂಟಿಕೊಂಡದ್ದರಿಂದ ಒಂದೇ ಮನೆತನದ ಒಬ್ಬ ಪಿಂಟೊ, ಇನ್ನೊಬ್ಬ ಲೋಬೊ ಆಗಿರುವುದೂ ಉಂಟು. ಬೇರೆಯವರು ಇಲ್ಲಿ ತಲೆ ಹಿಡಿದು ಕೂರುತ್ತಾರೆ. ಪೊರ್ಬುಗಳಿಗೆ ಹಬ್ಬ: ಕುಲನಾಮ ಒಂದೇ ಆದರೆ ಸಂಬಂಧಿ ಆಗಿರಬಹುದು, ಬೇರೆಯಾದರೂ ಆಗಿರಬಹುದು!

ಗಂಡಾಂತರವಿರುವುದು 1784ರಲ್ಲಿ. ಟಿಪ್ಪು ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿ ಇಗರ್ಜಿಗಳನ್ನು ಕೆಡವಿಸಿದ. ಸೆರೆಯಲ್ಲಿ ಬದುಕುಳಿದವರು 1799ರಲ್ಲಿ ಅವನು ಸತ್ತ ಮೇಲೆ ಮರಳಿ ಬರುವಾಗ ಹಳೇ ಪುಸ್ತಕಗಳೆಲ್ಲಿ? ಆ ವರ್ಷಕ್ಕೆ ಬಂದು ಮುಟ್ಟಿದವರು ಪೆನ್ನು ಮುಚ್ಚಿಡುತ್ತಾರೆ. ಪೊರ್ಬುಗಳು ಪೆನ್ಸಿಲು ಹೆರೆಯುತ್ತಾರೆ. ಆಚೆ ದಡದಲ್ಲಿ ಸಿಗುವವನು ಯಾವಾಗಲೂ ಗೋವೆಯ ಹಳ್ಳಿಯೊಂದರ ಯಜಮಾನ, ಪ್ರಭುವೋ ಕಾಮತನೋ. ಆ ಪ್ರಭುವಿನ ಅಡಿಗೆಯವ ಈವರೆಗೆ ಯಾರ ಚಾರ್ಟಿನ ಬುಡದಲ್ಲೂ ಸಿಕ್ಕಿಲ್ಲ.

ಇಂಗ್ಲೆಂಡಿನ 1921ರ ಜನಗಣತಿಯ ಹಾಳೆಗಳು 2022ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡವು. ಅಲ್ಲಿರುವ ಮಗಳು ತನ್ನ ಬಾಡಿಗೆ ಮನೆಯ ಮಾಲೀಕನ ಮುತ್ತಜ್ಜನನ್ನು ಅದರಲ್ಲಿ ತೋರಿಸಿದ್ದೇ ಎಡವಟ್ಟಾಯಿತು. ಪೊರ್ಬುಗಳು ಇಲ್ಲಿನ ಕಚೇರಿಗೆ ಹೋಗಿ ತಮ್ಮ ಮುತ್ತಜ್ಜನನ್ನು ಕೇಳಿದರು. ನಮ್ಮ 1948ರ ಕಾಯ್ದೆಯಂತೆ ಮನೆಮನೆಯ ವಿವರ ಯಾರಿಗೂ ತೋರಿಸುವ ಹಾಗಿಲ್ಲ, ಸಿಗುವುದು ಕೂಡಿದ ಮೊತ್ತ ಮಾತ್ರ. ಅದನ್ನೂ ಬಿಡಲಿಲ್ಲ. ಜಿಲ್ಲೆಯ 1891ರ ಲೆಕ್ಕದ ಜೆರಾಕ್ಸ್ ತಂದು, ಕ್ರೈಸ್ತರ ಸಂಖ್ಯೆಯ ಮೇಲೆ ಬೆರಳಿಟ್ಟು, “ಇದರಲ್ಲಿ ಒಂದು ನಮ್ಮ ಮುತ್ತಜ್ಜ ಮಾರಾಯ್ರೇ!” ಎಂದರು. ಇಂಗ್ಲೆಂಡಿನ ಮಾಲೀಕನ ವಂಶ ಮಾತ್ರ 1841ರವರೆಗೆ ಸಿದ್ಧವಾಗಿದೆ. ಪಾಪ, ಆತ ಕೇಳಿಯೇ ಇರಲಿಲ್ಲ.

ಮೊನ್ನೆ ಮದುಮಗಳೊಬ್ಬಳ ರೋಸಿನಲ್ಲಿ, ಹುಡುಗ ಹುಡುಗಿ ಇಬ್ಬರಿಗೂ ನಾಲ್ಕು ತಲೆಮಾರಿನ ಹಿಂದೆ ಒಬ್ಬನೇ ಹಿರಿಯ ‘ಆಗಿರಬಹುದು’ ಎಂದು ಸಾರಿಬಿಟ್ಟರು. ತೆಂಗಿನ ಹಾಲೆರೆಯುತ್ತಿದ್ದ ಕೈಗಳು ನಿಂತವು. ಈಗ ಅಡ್ಡಿಯಿರುವುದು ಒಡಹುಟ್ಟಿದವರ ಮಕ್ಕಳ ತನಕ ಅಷ್ಟೇ ಎಂದು ವಿಗಾರರು ಸಮಾಧಾನ ಹೇಳಬೇಕಾಯಿತು. ಪೊರ್ಬುಗಳಿಗೆ ನಿರಾಸೆ. “1917ರ ಮುಂಚೆ ಆಗಿದ್ದರೆ ವಿನಾಯಿತಿ ಬರೆಸಬೇಕಿತ್ತು. ಪುಸ್ತಕದಲ್ಲಿ ದಾಖಲೆ ಉಳಿಯುತ್ತಿತ್ತು.”

ಕಳೆದ ವಾರ ಚಾರ್ಟು ನಮ್ಮ ಜಗಲಿಯಲ್ಲೇ ಬಿಚ್ಚಿಕೊಂಡಿತು.

“ಶೆಣೈರೇ, ನಿಮ್ಮ ಕುಲದೇವತೆ ಮಾರ್ದೋಳದ ಮಹಾಲಸಾ ಅಲ್ಲವಾ? ದೇವಿ ಮೊದಲು ಇದ್ದದ್ದು ವೆರ್ಣಾದಲ್ಲಿ, ಗೊತ್ತುಂಟಾ? ನಮ್ಮವರೂ ವೆರ್ಣಾದವರೇ ಆಗಿರಬಹುದು.”

ಹದಿನಾರನೇ ಶತಮಾನದ ಆಚೆ ನಾವಿಬ್ಬರೂ ದಾಯಾದಿಗಳಂತೆ. ನಾನು ಬಾಯಿ ತೆರೆಯುವಷ್ಟರಲ್ಲಿ ಚುಕ್ಕಿಗೆರೆ ನಮ್ಮಪ್ಪನ ಹೆಸರಿನ ತನಕ ಬಂದಿತ್ತು. ಪಣಜಿಯ ಪತ್ರಾಗಾರಕ್ಕೆ ಸೋಮವಾರ ಕಾರು ಹೊರಡುತ್ತದೆ ಎಂದರು.

“ಸ್ವಂತದವರಾದ ಮೇಲೆ ಪೆಟ್ರೋಲು ಅರ್ಧರ್ಧ, ಆಗದಾ?”